ಕತ್ತಿಗಿಂತ ಮೊದಲು ಕಲ್ಲು

ಕ್ಷೌರದ ಕತ್ತಿ ಕೆನ್ನೆಯ ಮೇಲೆ ಸರಾಗವಾಗಿ ನಡೆಯದಿದ್ದರೆ ನಾವು ಕತ್ತಿಯನ್ನು ದೂರುತ್ತೇವೆ. ಇಲ್ಲವೆ ಸೋಪನ್ನೋ ಕೈಯನ್ನೋ ದೂರುತ್ತೇವೆ. ಕಲ್ಲನ್ನು ದೂರುವವರು ಕಡಮೆ. ಆದರೆ ಕತ್ತಿಯ ಬಾಯಿ ಎಂಬುದು ಅದು ಮಸೆತಗೊಂಡ ಕಲ್ಲಿನ ಪಡಿಯಚ್ಚು. ಕಲ್ಲು ಕುಳಿಬಿದ್ದಿದ್ದರೆ ಉಕ್ಕು ಎಷ್ಟು ಒಳ್ಳೆಯದಾದರೂ, ಕೈ ಎಷ್ಟು ಪಳಗಿದ್ದರೂ ಕತ್ತಿಗೆ ಸರಿಯಾದ ಬಾಯಿ ಬರಲಾರದು.

ಇಂದು ತೆರೆದ ಕತ್ತಿಯನ್ನು ಬಳಸುವವರು ಕೆಲವರೇ. 1903ರಲ್ಲಿ ಅಮೆರಿಕದಲ್ಲಿ ಜಿಲೆಟ್ ಕಂಪನಿಯ ಬ್ಲೇಡು ಬದಲಿಸುವ ಸಾಧನ ಮಾರಾಟಕ್ಕೆ ಬಂದ ಮೇಲೆ ಮನೆಗಳಲ್ಲಿ ಕತ್ತಿ ಹಿಂದೆ ಸರಿಯಿತು. ಕ್ಷೌರದ ಅಂಗಡಿಗಳಲ್ಲಿಯೂ ಒಬ್ಬೊಬ್ಬರಿಗೆ ಹೊಸ ಬ್ಲೇಡು ಹಾಕುವ ಪದ್ಧತಿ ಬಂದಿದೆ, ಅದು ಒಳ್ಳೆಯದೇ. ಹೆಪಟೈಟಿಸ್ ಬಿ ಯಂಥ ರೋಗಗಳು ರಕ್ತದ ಮೂಲಕ ಹರಡತಕ್ಕವು. ಒಬ್ಬರ ಕತ್ತಿ ಇನ್ನೊಬ್ಬರ ಮುಖಕ್ಕೆ ಸಲ್ಲದು. ಆದರೂ ತಾತನ ಪೆಟ್ಟಿಗೆಯಲ್ಲಿ ದೊರೆತ ಕತ್ತಿಯನ್ನು ತನ್ನೊಬ್ಬನ ಉಪಯೋಗಕ್ಕೆ ಸಿದ್ಧಮಾಡಿಕೊಳ್ಳುವ ಆಸಕ್ತರು ಇದ್ದಾರೆ. ಅವರಿಗೆ ಎದುರಾಗುವ ಮೊದಲ ಪ್ರಶ್ನೆ ಕಲ್ಲಿನದು.

ಹಿಂದೆ ಮಸೆಗಲ್ಲು ಎಂದರೆ ನೆಲದಿಂದ ಅಗೆದ ಕಲ್ಲೇ. ಬೆಲ್ಜಿಯಂ ದೇಶದ ಹಳದಿ ಕಲ್ಲು, ಅಮೆರಿಕದ ಅರ್ಕನ್ಸಾ ಕಲ್ಲು ಈ ಕೆಲಸಕ್ಕೆ ಹೆಸರಾದವು. ಇವುಗಳ ಗುಣ ಒಂದರಂತೆ ಇನ್ನೊಂದರದಿರುವುದಿಲ್ಲ. 1891ರಲ್ಲಿ ಎಡ್ವರ್ಡ್ ಅಚೆಸನ್ ಎಂಬ ಅಮೆರಿಕನ್ ಸಂಶೋಧಕನು ಜೇಡಿಮಣ್ಣು ಮತ್ತು ಕೋಕ್ ಪುಡಿಯ ಮಿಶ್ರಣದಲ್ಲಿ ಪ್ರಬಲವಾದ ವಿದ್ಯುತ್ತನ್ನು ಹರಿಸಿದಾಗ, ಗಾಜನ್ನು ಗೀರಬಲ್ಲ ಹೊಳೆಯುವ ಹರಳುಗಳು ದೊರೆತವು. ಅದೇ ಸಿಲಿಕಾನ್ ಕಾರ್ಬೈಡ್. ಅದರಲ್ಲಿ ಇಂಗಾಲವೂ ಕೊರಂಡಮ್ಮೂ ಕೂಡಿವೆಯೆಂದು ಭ್ರಮಿಸಿ ಅವನು ಅದಕ್ಕೆ ಕಾರ್ಬೊರಂಡಮ್ ಎಂದು ಹೆಸರಿಟ್ಟನು. ಕೊರಂಡಮ್ ಎಂಬ ಮಾತು ನಮಗೆ ದೂರದ್ದಲ್ಲ. ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ ಅದರ ಬಂಧುಗಳು. ಆ ಕುರುವಿಂದವನ್ನೇ, ಎಂದರೆ ಅಲ್ಯುಮಿನಿಯಂ ಆಕ್ಸೈಡನ್ನು, ಮುಂದೆ ಬಾಕ್ಸೈಟ್ ಅದಿರನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಮಾಡತೊಡಗಿದರು. ಇಂಥ ಕಣಗಳನ್ನು ಒಂದೇ ಗಾತ್ರಕ್ಕೆ ವಿಂಗಡಿಸಿ, ಅಂಟಿನಿಂದ ಕೂಡಿಸಿ, ಇಟ್ಟಿಗೆಯಂತೆ ಅಚ್ಚುಹಾಕಿದರೆ ಅದೇ ಕೃತಕ ಮಸೆಗಲ್ಲು.

ಕಲ್ಲಿನ ಮೇಲಿನ ಅಂಕ ಕಣದ ಸಣ್ಣತನವನ್ನು ಹೇಳುತ್ತದೆ. ಜಪಾನಿನ ಪ್ರಮಾಣದಂತೆ 1000 ಅಂಕದ ಕಲ್ಲಿನಲ್ಲಿ ಕಣದ ಗಾತ್ರ ಸರಾಸರಿ 11.5 ಮೈಕ್ರಾನ್; 4000ದಲ್ಲಿ 3; 8000ದಲ್ಲಿ 1.2. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

ಈಗ ಕತ್ತಿಯ ರಚನೆಯನ್ನು ನೋಡೋಣ. ಅಡಿಗೆಮನೆಯ ಚಾಕುವನ್ನು ಮಸೆಯುವಾಗ ಓರೆಯನ್ನು ನಿರ್ಣಯಿಸುವುದು ಕೈ. ಕ್ಷೌರದ ಕತ್ತಿಯಲ್ಲಿ ಅದನ್ನು ನಿರ್ಣಯಿಸುವುದು ಕತ್ತಿಯ ಬೆನ್ನೇ. ಅಲಗಿನ ಎರಡು ಪಕ್ಕಗಳನ್ನೂ ಒಳಕ್ಕೆ ಕೊರೆದಿರುವುದರಿಂದ, ಕತ್ತಿಯನ್ನು ಕಲ್ಲಿನ ಮೇಲೆ ಮಲಗಿಸಿದಾಗ ಬೆನ್ನು ಮತ್ತು ಬಾಯಿ ಇವೆರಡೇ ತಾಗುತ್ತವೆ. ಅಲಗಿನ ಅಗಲಕ್ಕೆ ತಕ್ಕಂತೆ ಬೆನ್ನಿಗೆ ದಪ್ಪವಿಟ್ಟು, ಎರಡೂ ಪಕ್ಕ ಸೇರಿ ಬಾಯಿಯ ಕೋನ ಸುಮಾರು 16ರಿಂದ 18 ಡಿಗ್ರಿ ಆಗುವಂತೆ ಕಮ್ಮಾರ ಮೊದಲೇ ಲೆಕ್ಕಹಾಕಿರುತ್ತಾನೆ. ಆ ಲೆಕ್ಕದಲ್ಲಿ ಅವನು ನಂಬಿರುವುದು ಒಂದನ್ನೇ: ಕಲ್ಲು ಸಮತಲವಾಗಿದೆ ಎಂಬುದನ್ನು. ಕಲ್ಲಿನ ನಡುವೆ ಕುಳಿಯಿದ್ದರೆ ಅಡ್ಡಲಾಗಿ ಮಲಗಿದ ಕತ್ತಿಯ ಎರಡು ಕೊನೆಗಳು ತಾಗುತ್ತವೆ, ನಡುಭಾಗ ತೂಗಾಡುತ್ತದೆ. ಕೊನೆಗಳು ಸವೆಯುತ್ತ ಹೋಗುತ್ತವೆ. ಗಡ್ಡ ತೆಗೆಯುವ ನಡುಭಾಗ ಮೊಂಡಾಗಿಯೇ ಉಳಿಯುತ್ತದೆ.

ಕಲ್ಲು ಕುಳಿಬೀಳುವುದು ಅದರ ದೋಷವಲ್ಲ, ಗುಣ. ಸವೆದ ಕಣಗಳು ಕಳಚಿ ಹೊಸ ಚೂಪಾದ ಕಣಗಳು ಹೊರಬಂದರೇ ಕಲ್ಲು ಉಕ್ಕನ್ನು ತಿನ್ನುವುದು. ಆದರೆ ಕೈ ಹೆಚ್ಚು ಓಡಾಡುವುದು ನಡುವೆ. ಆದ್ದರಿಂದ ನಡುವೆಯೇ ಹೆಚ್ಚು ಸವೆತ. ಹೊಸ ಕಲ್ಲೂ ಎಷ್ಟೋ ವೇಳೆ ಪೂರ್ತಿ ಸಮವಾಗಿರುವುದಿಲ್ಲ. ಆದ್ದರಿಂದ ಮಸೆಯುವ ಮುನ್ನ ಪ್ರತಿ ಸಲವೂ ಕಲ್ಲನ್ನು ತಟ್ಟುಮಾಡಿಕೊಳ್ಳಬೇಕು.

ವಿಧಾನ ಸುಲಭ. ದಪ್ಪ ಗಾಜಿನ ಹಲಗೆಯೊಂದನ್ನು ಗಟ್ಟಿಯಾದ ಮೇಜಿನ ಮೇಲೆ ಇಡಿ. ಕಿಟಕಿಯ ತೆಳು ಗಾಜು ಬಾಗುತ್ತದೆ, ಅದು ಬೇಡ. ಅದರ ಮೇಲೆ ನೀರಿನಲ್ಲಿ ಬಳಸುವ 220 ಅಥವಾ 320 ಅಂಕದ ಉಜ್ಜುಕಾಗದವನ್ನು ನೆನೆಸಿ ಅಂಟಿಸಿ. ಕಲ್ಲಿನ ಮುಖದ ಮೇಲೆ ಸೀಸದ ಕಡ್ಡಿಯಿಂದ ಚೌಕುಳಿ ಗೆರೆಗಳನ್ನು ಎಳೆಯಿರಿ. ಬಳಿಕ ನೀರು ಚಿಮುಕಿಸುತ್ತ ಕಲ್ಲನ್ನು ಕಾಗದದ ಮೇಲೆ ಹಗುರವಾಗಿ ಉಜ್ಜಿ. ಆಗಾಗ ಕಲ್ಲಿನ ತಲೆಬಾಲ ತಿರುಗಿಸಿ. ಉಬ್ಬಿದ ಕಡೆ ಗೆರೆ ಮೊದಲು ಅಳಿಯುತ್ತದೆ. ಕೊನೆಯವರೆಗೆ ಗೆರೆ ಉಳಿದ ಜಾಗವೇ ಕುಳಿ. ಎಲ್ಲ ಗೆರೆಗಳೂ ಅಳಿದ ಮೇಲೆ ಇನ್ನೊಮ್ಮೆ ಗೆರೆ ಎಳೆದು ಉಜ್ಜಿ. ಈ ಸಲ ಎಲ್ಲವೂ ಒಟ್ಟಿಗೆ ಮಾಯವಾದರೆ ಕಲ್ಲು ಸಮವಾಯಿತು. ಕಲ್ಲಿನ ಅಂಚುಗಳನ್ನೂ ತುಸು ಓರೆಮಾಡಿ. ಚೂಪಾದ ಅಂಚು ಕತ್ತಿಯ ಬಾಯನ್ನು ಮುರಿಯುತ್ತದೆ. ಕೊನೆಗೆ ಚೆನ್ನಾಗಿ ತೊಳೆಯಿರಿ. ಕಾಗದದ ಒಂದು ದಪ್ಪ ಕಣ 8000ದ ಕಲ್ಲಿನ ಮೇಲೆ ಉಳಿದರೂ ಸಾಕು, ಇಡೀ ಶ್ರಮ ಹಾಳು.

ಎರಡು ಕಲ್ಲುಗಳನ್ನೇ ಒಂದಕ್ಕೊಂದು ಉಜ್ಜಿದರೆ ಸಾಲದೆ ಎಂದು ಕೇಳಬಹುದು. ಸಾಲದು. ಒಂದು ಉಬ್ಬಿ ಇನ್ನೊಂದು ತಗ್ಗಾದರೂ ಅವು ಒಂದಕ್ಕೊಂದು ಹೊಂದಿಕೊಂಡುಬಿಡುತ್ತವೆ. ಮೂರು ಕಲ್ಲುಗಳನ್ನು ಜೋಡಿ ಬದಲಿಸುತ್ತ, ತಿರುಗಿಸುತ್ತ ಉಜ್ಜಿದರೆ ಮಾತ್ರ ಮೂರೂ ಸಮವಾಗಲೇಬೇಕು. ಏಕೆಂದರೆ ಎರಡು ಉಬ್ಬುಗಳು ಎಂದೂ ಹೊಂದವು. ಲೋಹದ ಸಮತಲಗಳನ್ನು ಈ ಮೂರರ ತತ್ತ್ವದಿಂದ ಪಡೆಯುವ ಬಗೆಯನ್ನು ಜೋಸೆಫ್ ವ್ಹಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರು 1840ರಲ್ಲಿ ಗ್ಲಾಸ್ಗೋ ನಗರದಲ್ಲಿ ವಿದ್ವಾಂಸರ ಮುಂದೆ ವಿವರಿಸಿದನು. ಯಂತ್ರಶಾಲೆಗೆ ಬೇಕಾದ ನಿಯಮವೇ ಕ್ಷೌರಕ್ಕೂ ಬೇಕು.

ಇನ್ನು ಮಸೆತ. 1000ದ ಕಲ್ಲನ್ನು ಗುಳ್ಳೆ ಏಳುವುದು ನಿಲ್ಲುವವರೆಗೆ ನೀರಿನಲ್ಲಿ ನೆನೆಸಬೇಕು. ನಯವಾದ ಕಲ್ಲಿಗೆ ಮೇಲೆ ನೀರು ಚಿಮುಕಿಸಿದರೆ ಸಾಕಾಗುವುದುಂಟು. ತಯಾರಕರ ಸೂಚನೆಯನ್ನು ನೋಡಿಕೊಳ್ಳಿ. ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಲಿ. ಬಾಯಿ ಮುಂದಾಗಿ ನಡೆಯಲಿ. ಕತ್ತಿ ಕಲ್ಲಿನ ಅಗಲಕ್ಕಿಂತ ಉದ್ದವಾದ್ದರಿಂದ ಬುಡದಿಂದ ತುದಿಯ ಕಡೆಗೆ ಓರೆಯಾಗಿ ಜಾರಿಸಬೇಕು. ಕೊನೆ ಮುಟ್ಟಿದಾಗ ಬೆನ್ನಿನ ಮೇಲೆಯೇ ಹೊರಳಿಸಿ ಹಿಂದಿರುಗಿ. ಬಾಯಿಯ ಮೇಲೆ ಎಂದೂ ಹೊರಳಿಸಬೇಡಿ. ಎರಡು ಪಕ್ಕಕ್ಕೂ ಸಮಸಂಖ್ಯೆ, ಕತ್ತಿಯ ಭಾರಕ್ಕಿಂತ ತುಸುವೇ ಹೆಚ್ಚಿನ ಒತ್ತಡ.

ಮುಖ್ಯ ಕೆಲಸವೆಲ್ಲ 1000ದಲ್ಲಿ. ಎರಡು ಪಕ್ಕದ ಓರೆಗಳೂ ಉದ್ದಕ್ಕೂ ಕೂಡಿದವೇ ಎಂಬುದನ್ನು ಭೂತಗನ್ನಡಿಯಲ್ಲಿ ನೋಡಿ. ಬಾಯಿಯನ್ನು ಬೆಳಕಿಗೆ ಎದುರಾಗಿ ಹಿಡಿದಾಗ ಎಲ್ಲಿಯೂ ಮಿನುಗು ಕಾಣಬಾರದು. ಮಿನುಗಿದ ಕಡೆ ಮೊಂಡು ಉಳಿದಿದೆ. ಬೆರಳಿನಿಂದ ಪರೀಕ್ಷಿಸುವುದು ಅಪಾಯ. ಈ ಹಂತ ಮುಗಿಯದೆ ನಯವಾದ ಕಲ್ಲಿಗೆ ಹೋದರೆ ಮೊಂಡು ಬಾಯಿಗೆ ಹೊಳಪು ಬರುತ್ತದೆಯೇ ಹೊರತು ಹರಿತ ಬರುವುದಿಲ್ಲ. 4000, 8000ದ ಕಲ್ಲುಗಳ ಕೆಲಸ ಹಿಂದಿನ ಕಲ್ಲಿನ ಗೀರುಗಳನ್ನು ಅಳಿಸುವುದಷ್ಟೆ. ಆಮೇಲೆ ಬಿಗಿಯಾಗಿ ಎಳೆದ ಚರ್ಮದ ಪಟ್ಟಿಯ ಮೇಲೆ, ಈಗ ಬೆನ್ನು ಮುಂದಾಗಿ, ಐವತ್ತು ಸಲ ಎಳೆದಾಡಿಸಿ. ದಿನದಿನದ ಕ್ಷೌರಕ್ಕೆ ಪಟ್ಟಿಯೇ ಸಾಕು. ಕಲ್ಲು ಬೇಕಾಗುವುದು ಕೆಲವು ತಿಂಗಳಿಗೊಮ್ಮೆ.

ಕೆಲಸ ಮುಗಿದ ಮೇಲೆ ಕತ್ತಿಯನ್ನು ಒರಸಿ ಎಣ್ಣೆ ಸವರಿ; ಕಲ್ಲನ್ನು ನೆರಳಿನಲ್ಲಿ ಆರಿಸಿ. ಹಣವಿದ್ದರೆ 12000 ಅಂಕದ ಕಲ್ಲನ್ನೂ ಕೊಳ್ಳಬಹುದು. ಆದರೆ ಕುಳಿಬಿದ್ದ 12000ಕ್ಕಿಂತ ಸಮವಾದ 8000 ಮೇಲು. ಆ ಸಮತೆಯನ್ನು ಅಂಗಡಿಯಲ್ಲಿ ಕೊಂಡುತರಲಾಗದು, ಗಾಜು, ಕಾಗದ, ಸೀಸದ ಕಡ್ಡಿಗಳಿಂದ ಪ್ರತಿ ಸಲವೂ ನಾವೇ ಮಾಡಿಕೊಳ್ಳಬೇಕು.