ವರ್ಣಚಕ್ರವೂ ಬಿದರಿಯ ಕಪ್ಪೂ

ಚಿತ್ರಾಭ್ಯಾಸವನ್ನು ಈಚೆಗೆ ಆರಂಭಿಸಿದ ಮಂಠಾಳದ ವಾಚಕರೊಬ್ಬರು ಕೇಳಿದ್ದಾರೆ: ಕೆಮ್ಮಣ್ಣಿನ ದಾರಿಯ ಮಗ್ಗುಲಲ್ಲಿ ಬೇವಿನ ಹಸುರನ್ನು ಹಚ್ಚಿದರೆ ಎರಡೂ ಬಣ್ಣಗಳು ಹೊಳೆಯುತ್ತವೆ, ಅವನ್ನೇ ತಟ್ಟೆಯಲ್ಲಿ ಕಲಸಿದೊಡನೆ ಕೆಸರುಗಂದು ಉಳಿಯುತ್ತದೆ, ಇದೇಕೆ?

ಕಲಸಿದಾಗ ಆಗುವುದನ್ನು ಬೇಗನೆ ಹೇಳಿಬಿಡಬಹುದು. ಕೆಂಪುಬಣ್ಣದ ಪುಡಿಯು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹಸುರು ನೀಲಿಗಳನ್ನು ಹೀರಿಕೊಂಡು ಕೆಂಪನ್ನು ಮಾತ್ರ ಹಿಂದಿರುಗಿಸುತ್ತದೆ. ಹಸುರು ಪುಡಿಯಾದರೋ ಆ ಕೆಂಪನ್ನೇ ಹೀರುತ್ತದೆ. ಬೆರಕೆಯಲ್ಲಿ ಒಂದು ಉಳಿಸಿದ್ದನ್ನು ಇನ್ನೊಂದು ನುಂಗಿ, ಕಣ್ಣಿಗೆ ಮಬ್ಬು ಬೆಳಕಷ್ಟೇ ತಲಪುತ್ತದೆ. ನ್ಯೂಟನ್ 1704ರ ತನ್ನ ಗ್ರಂಥದಲ್ಲಿ ಏಳು ಬಣ್ಣಗಳ ಸಾಲನ್ನು ಬಾಗಿಸಿ ವೃತ್ತವಾಗಿ ಬರೆದುದು ಬೆಳಕಿನ ಬೆರಕೆಗಾಗಿ, ಕುಂಚದ ಬಣ್ಣಕ್ಕಾಗಿ ಅಲ್ಲ. ನಮ್ಮ ಶಾಲೆಗಳ ಕೆಂಪು-ಹಳದಿ-ನೀಲಿಯ ಚಕ್ರವು ಚಿತ್ರಗಾರರ ಅನುಭವದಿಂದ ಮೂಡಿದುದು. ಎರಡರಲ್ಲಿಯೂ ಎದುರುಬದುರು ನಿಂತ ವರ್ಣಗಳು ಪರಸ್ಪರ ಪೂರಕಗಳು.

ಪಕ್ಕಪಕ್ಕದಲ್ಲಿಟ್ಟಾಗಿನ ಹೊಳಪಿನ ಕಥೆ ಹೆಚ್ಚು ಸ್ವಾರಸ್ಯವಾದುದು. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆಶಾಲೆಯಲ್ಲಿ 1824ರಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡ ರಸಾಯನಶಾಸ್ತ್ರಜ್ಞ ಶೆವ್ರೋಲನಿಗೆ, ನೀಲಿ ನೇರಳೆ ವಸ್ತ್ರಗಳ ನೆರಳಿನಲ್ಲಿ ನೇಯುವ ಕಪ್ಪು ಉಣ್ಣೆಯು ನಿಸ್ತೇಜವಾಗಿದೆಯೆಂಬ ದೂರು ಬಂದಿತು. ಆತನು ಬೇರೆ ಕಾರ್ಖಾನೆಗಳ ಕಪ್ಪುನೂಲನ್ನು ತರಿಸಿ ಹೋಲಿಸಿ ನೋಡಲು, ತನ್ನ ನೂಲಿನಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ದೋಷವು ಬಣ್ಣದ ತೊಟ್ಟಿಯಲ್ಲಿರದೆ ನೆರೆಯ ಬಣ್ಣದಲ್ಲಿತ್ತು: ನೀಲಿಯು ತನ್ನ ಪೂರಕವಾದ ಕಿತ್ತಳೆಯ ಛಾಯೆಯನ್ನು ಕಪ್ಪಿನ ಮೇಲೆ ಹರಡಿ ಅದನ್ನು ಪೇಲವಗೊಳಿಸುತ್ತಿದ್ದಿತು. ರಸಾಯನಜ್ಞನಾದವನು ರಸಾಯನವನ್ನು ಬಿಟ್ಟು ಕಣ್ಣಿನಲ್ಲಿ ಕಾರಣವನ್ನು ಅರಸಿದುದು ಆತನ ಹಿರಿಮೆ; 1839ರಲ್ಲಿ ಹೊರಬಂದ ಆತನ ಗ್ರಂಥವು ಮುಂದೆ ಚಿತ್ರಗಾರರ ಕೈಪಿಡಿಯೇ ಆಯಿತು. ಒಂದೇ ಬೂದುಹಾಳೆಯ ಎರಡು ತುಂಡುಗಳನ್ನು ಕೆಂಪಿನ ಮೇಲೊಂದು, ಹಸುರಿನ ಮೇಲೊಂದು ಇಟ್ಟು ನೋಡಿದರೆ, ಮೊದಲನೆಯದು ಹಸುರಿನತ್ತ, ಎರಡನೆಯದು ಕೆಂಪಿನತ್ತ ವಾಲಿದಂತೆ ತೋರುವುದು. ಕೆಮ್ಮಣ್ಣು ಬೇವುಗಳಂತೆ ಪೂರಕಗಳೇ ಮಗ್ಗುಲಾದಾಗ ಒಂದೊಂದೂ ಇನ್ನೊಂದನ್ನು ಅದರ ಸ್ವಂತ ಬಣ್ಣದ ದಿಕ್ಕಿಗೇ ತಳ್ಳುತ್ತದೆ.

ಶೆವ್ರೋಲನ ಕಪ್ಪಿಗೆ ಒದಗದ ನೆರೆಯು ಬೀದರಿನ ಕುಶಲಕರ್ಮಿಯ ಕಪ್ಪಿಗೆ ಒದಗಿದೆ. ಹೆಚ್ಚು ಪಾಲು ಸತುವು, ಅಲ್ಪ ತಾಮ್ರ ಸೇರಿದ ಎರಕವನ್ನು ನಯಗೊಳಿಸಿ, ಹೂಬಳ್ಳಿಗಳನ್ನು ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸಿ, ಕಡೆಗೆ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿಮಾಡಿದ ಪಾತ್ರೆಗೆ ಉಜ್ಜಿದರೆ, ಲೋಹದ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಎಣ್ಣೆ ಸವರಿದ ಆ ಕಪ್ಪು ಅಷ್ಟು ಗಾಢವಾಗಿ ತೋರಲು ಬೆಳ್ಳಿಯ ಸಾಮೀಪ್ಯವೂ ಕಾರಣ. ಬಿದರಿಯ ಹೂಜಿಯನ್ನು ಚಿತ್ರಿಸುವ ವಿದ್ಯಾರ್ಥಿಯು ಇನ್ನೂ ಕಪ್ಪಾದ ಬಣ್ಣವನ್ನು ಅಂಗಡಿಯಲ್ಲಿ ಹುಡುಕುವುದಕ್ಕಿಂತ, ಬಳ್ಳಿಯ ಗೆರೆಗಳಿಗೆ ಹಾಳೆಯ ಬಿಳುಪನ್ನು ಮಾಸದಂತೆ ಉಳಿಸಿಕೊಳ್ಳುವುದು ಮೇಲು.