ಹಳೇ ಮೇಜು ಕೊಳ್ಳುವ ಮುನ್ನ ಒಮ್ಮೆ ಬಗ್ಗಿ ನೋಡಿ

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಹಿರಿಯರು ಹೇಳುತ್ತಾರೆ. ಅದರ ಜೊತೆಗೆ ನಾನು ಇನ್ನೊಂದು ಸೇರಿಸುತ್ತೇನೆ: ಕಪ್ಪಗಿರೋ ಮೇಜೆಲ್ಲ ಬೀಟೆಯದಲ್ಲ! ಇತ್ತೀಚೆಗೆ ನಮ್ಮ ಬಂಗಾರಪೇಟೆ, ಕೆ.ಜಿ.ಎಫ್. ಕಡೆ ಹಳೇ ಮೇಜು ಹುಡುಕುವವರು ಹೆಚ್ಚಾಗಿದ್ದಾರೆ. ಬೆಂಗಳೂರಿನಿಂದಲೂ ಬರುತ್ತಾರೆ, ನಮ್ಮಂಥ ಗೃಹಿಣಿಯರೂ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಒಳ್ಳೆಯ ಹಳೇ ಮೇಜು ಸಿಕ್ಕರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಆದರೆ ಮೇಜಿನ ಜೊತೆಗೆ ಒಂದು ಕತೆಯನ್ನೂ ಕಟ್ಟಿ, ಆ ಕತೆಗೂ ಸೇರಿಸಿ ದುಡ್ಡು ಕೇಳುತ್ತಾರೆ ನೋಡಿ, ಅಲ್ಲಿ ನಾವು ಹುಷಾರಾಗಿರಬೇಕು.

ಈ ಮೇಜುಗಳು ಎಲ್ಲಿಂದ ಬಂದವು?

ಸ್ವಲ್ಪ ಹಿಂದಿನದು ತಿಳಿದಿದ್ದರೆ ಕತೆಯಲ್ಲಿ ಎಷ್ಟು ನಿಜ, ಎಷ್ಟು ಬಣ್ಣ ಅಂತ ನೀವೇ ತೂಗಿ ನೋಡಬಹುದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಚಿನ್ನದ ಗಣಿ ಕೆಲಸ ಕೈಗೆತ್ತಿಕೊಂಡಿತು. ಇಂಗ್ಲೆಂಡಿನಿಂದ, ಅದರಲ್ಲೂ ಕಾರ್ನ್‌ವಾಲ್ ಕಡೆಯಿಂದ, ಗಣಿ ಕೆಲಸ ಬಲ್ಲವರು ಬಂದಿಳಿದರು. ಊರ್ಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಸುತ್ತಮುತ್ತ ಅವರಿಗೆ ಬಂಗಲೆಗಳೆದ್ದವು. 1894ರಲ್ಲಿ ನಮ್ಮೂರಿನಿಂದ ಗಣಿಗೆ ರೈಲು ಹೋಯಿತು. ಆಗ ನಮ್ಮೂರಿಗೆ ಬೌರಿಂಗ್‌ಪೇಟೆ ಅಂತ ಹೆಸರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತೂ ಬಂತು. ಬಂಗಲೆ ಎಂದ ಮೇಲೆ ಊಟದ ಮೇಜು, ಬರೆಯುವ ಮೇಜು, ಅಮೃತಶಿಲೆಯ ಹಲಗೆಯ ದುಂಡು ಮೇಜು ಎಲ್ಲವೂ ಬೇಕಲ್ಲ! ಹಾಗೆಂದು ಎಲ್ಲವೂ ಹಡಗಿನಲ್ಲಿ ಬಂದವು ಅಂದುಕೊಳ್ಳಬೇಡಿ. ಆ ಕಾಲದಲ್ಲಿ ಇಂಗ್ಲಿಷ್ ಮಾದರಿ ನೋಡಿಕೊಂಡು ನಮ್ಮ ಆಚಾರಿಗಳೇ ನಮ್ಮ ತೇಗ, ಬೀಟೆಯಲ್ಲಿ ಮಾಡಿಕೊಟ್ಟ ಮೇಜುಗಳು ಬೇಕಾದಷ್ಟಿವೆ. ಅವು ಯಾವುದಕ್ಕೂ ಕಡಿಮೆಯಲ್ಲ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರುವರಿ 28ಕ್ಕೆ ಗಣಿಯ ಬಾಗಿಲೇ ಮುಚ್ಚಿತು. ಸಾವಿರಾರು ಮನೆಗಳ ಸಂಬಳ ನಿಂತಿತು. ದಿನಾ ಬೆಳಗಾದರೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಗುಂಪನ್ನು ಇಂದಿಗೂ ನಮ್ಮ ಸ್ಟೇಷನ್ನಿನಲ್ಲಿ ಕಾಣುತ್ತೀರಿ. ಊರು ಬಿಟ್ಟವರು ಸಾಮಾನು ಹೊತ್ತುಕೊಂಡು ಹೋಗಲಾಗದೆ ಮಾರಿದರು. ಹೀಗೆ ಒಂದೊಂದೇ ಮೇಜು ಗುಜರಿ ಅಂಗಡಿಗೆ ಬಂತು.

ಅಂಗಡಿಯವನು “ಅಮ್ಮಾ, ಇದು ದೊರೆಗಳ ಮೇಜು, ನೂರೈವತ್ತು ವರ್ಷದ್ದು” ಅಂದರೆ ಮನಸ್ಸಿನಲ್ಲೇ ಲೆಕ್ಕ ಹಾಕಿ. ಕಂಪನಿ ಬಂದದ್ದೇ 1880ರಲ್ಲಿ. ಸರ್ಕಾರ ಬಂದ ಮೇಲೆ ಮಾಡಿಸಿದ ಮೇಜಿಗೆ ಇನ್ನೂ ನೂರು ತುಂಬಿಲ್ಲ. ನೂರು ವರ್ಷ ದಾಟಿದ್ದನ್ನು ಮಾತ್ರ ಆಂಟಿಕ್ ಅನ್ನುವುದು ವ್ಯಾಪಾರದ ರೂಢಿ. ಅದಕ್ಕಿಂತ ಕಡಿಮೆ ವಯಸ್ಸಿನದು ವಿಂಟೇಜ್. 1972ರ ಪುರಾತನ ವಸ್ತುಗಳ ಕಾಯಿದೆಯೂ ನೂರು ವರ್ಷವನ್ನೇ ಹಿಡಿಯುತ್ತದೆ. ಅಂಥ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವ ಹಾಗಿಲ್ಲ. ಮನೆ ಬಳಕೆಗೆ ಕೊಳ್ಳುವ ನಮಗೆ ಐವತ್ತು ವರ್ಷದ ಗಟ್ಟಿ ಮೇಜು ಸಾಕು. ನೂರರ ಹೆಸರಿಗೆ ಹೆಚ್ಚು ಯಾಕೆ ಕೊಡಬೇಕು?

ಮೊದಲು ಮನೆ, ಆಮೇಲೆ ಮೇಜು

ಬಂಗಲೆಯ ಮೇಜು ಬಂಗಲೆಯ ಅಳತೆಗೆ ಮಾಡಿದ್ದು. ನಮ್ಮದು ಹತ್ತಡಿ ಹತ್ತಡಿ ಕೋಣೆ. ಆರಡಿ ಉದ್ದದ ಮೇಜನ್ನು ನಡುವೆ ಇಟ್ಟರೆ ಎರಡು ತುದಿಗೂ ಎರಡೆರಡೇ ಅಡಿ ಉಳಿಯುತ್ತದೆ. ಕುರ್ಚಿ ಹಿಂದಕ್ಕೆ ಎಳೆದು ಏಳಲು ಎರಡೂವರೆ ಅಡಿಯಾದರೂ ಬೇಕು. ಒಬ್ಬರು ಆರಾಮವಾಗಿ ಕೂತು ಉಣ್ಣಲು ಮೇಜಿನ ಅಂಚಿನಲ್ಲಿ ಎರಡಡಿ ಜಾಗ ಬೇಕು. ಅಂದರೆ ನಾಲ್ವರಿಗೆ ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲ ಸಾಕು. ಆರು ಜನಕ್ಕೆ ಐದಡಿ, ಮೂರಡಿ.

ಒಂದು ಸುಲಭದ ಉಪಾಯ ಹೇಳುತ್ತೇನೆ. ಮೇಜಿನ ಅಳತೆ ಬರೆದುಕೊಂಡು ಬಂದು, ಆ ಜಾಗದಲ್ಲಿ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಅಷ್ಟಗಲ ಚೌಕ ಎಳೆಯಿರಿ. ಎರಡು ದಿನ ಆ ಗೆರೆ ತುಳಿಯದೆ ಓಡಾಡಿ. ಬೀರು ಬಾಗಿಲು ತೆರೆಯಲು ಬರುತ್ತದೆಯೇ, ಅಡುಗೆಮನೆಗೆ ದಾರಿ ಇದೆಯೇ ಎಂದು ತಾನೇ ಗೊತ್ತಾಗುತ್ತದೆ. ಬಾಗಿಲಿನ ಅಗಲವನ್ನೂ ಅಳೆಯಿರಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಮೇಜು ಬಂತು, ಬಾಗಿಲಲ್ಲಿ ಹಿಡಿಸಲಿಲ್ಲ. ಕಾಲು ಕತ್ತರಿಸಿ ಒಳಗೆ ತಂದು ಮತ್ತೆ ಮೊಳೆ ಹೊಡೆದರು. ಅಂದಿನಿಂದ ಅದು ಅಲ್ಲಾಡುತ್ತಲೇ ಇದೆ.

ಎತ್ತರವನ್ನೂ ಮರೆಯಬೇಡಿ. ಊಟಕ್ಕೂ ಬರವಣಿಗೆಗೂ ಇಪ್ಪತ್ತೆಂಟರಿಂದ ಮೂವತ್ತು ಅಂಗುಲ ಸರಿ. ಕುರ್ಚಿಯ ಮೇಲೆ ಕೂತಾಗ ತೊಡೆಗೂ ಮೇಜಿನ ಕೆಳಪಟ್ಟಿಗೂ ನಡುವೆ ಜಾಗ ಇರಬೇಕು. ಮಂಡಿನೋವಿನ ಅತ್ತೆ ಮಾವಂದಿರು ಮನೆಯಲ್ಲಿದ್ದು, ಅವರು ಮಣೆಯ ಮೇಲೆ ಕೂರಲಾರರು ಅಂತಲೇ ಮೇಜು ಕೊಳ್ಳುತ್ತಿದ್ದರೆ, ಅವರನ್ನೇ ಕರೆದುಕೊಂಡು ಹೋಗಿ ಅಲ್ಲೇ ಕೂರಿಸಿ ನೋಡಿ. ಅಲ್ಲಿ ನಾಚಿಕೆ ಬೇಡ.

ಬಗ್ಗಿ ನೋಡುವ ಕ್ರಮ

ಮೇಜಿನ ಮೇಲ್ಭಾಗ ಪಾಲಿಶ್ ಮಾಡಿದವನ ಮಾತು ಹೇಳುತ್ತದೆ. ಕೆಳಭಾಗ ನಿಜ ಹೇಳುತ್ತದೆ. ಸೆರಗು ಸಿಕ್ಕಿಸಿಕೊಂಡು, ಟಾರ್ಚು ಹಿಡಿದು ಕೆಳಗೆ ಬಗ್ಗಿ. ಕೈಯಲ್ಲಿ ಮಾಡಿದ ಮೇಜಾದರೆ ಹಲಗೆಯ ಅಡಿಭಾಗ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಸವರಿದರೆ ಉಳಿ, ಕೀಸುಳಿಯ ಸಣ್ಣ ಸಣ್ಣ ಅಲೆ ಬೆರಳಿಗೆ ತಾಕುತ್ತದೆ. ಡ್ರಾಯರ್ ಇದ್ದರೆ ಪೂರ್ತಿ ಹೊರಗೆ ಎಳೆಯಿರಿ. ಮೂಲೆಯಲ್ಲಿ ಪಾರಿವಾಳದ ಬಾಲದಂತೆ ಅಗಲಿಸಿದ ಹಲ್ಲುಗಳು ಒಂದರೊಳಗೊಂದು ಕೂತಿದ್ದರೆ, ಅದೂ ಒಂದರ ಅಳತೆ ಇನ್ನೊಂದಕ್ಕಿಲ್ಲದೆ ಇದ್ದರೆ, ಕೈಕೆಲಸ ಎನ್ನಬಹುದು. ಬರೀ ಮೊಳೆ ಹೊಡೆದು ಅಂಟಿಸಿದ್ದರೆ ದರ ಇಳಿಸಿ ಕೇಳಿ. ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ನೂರು ವರ್ಷದ್ದು ಎನ್ನುವ ಮೇಜಿನಲ್ಲಿ ಅದು ಕಂಡರೆ ರಿಪೇರಿಯಾಗಿದೆ, ಇಲ್ಲವೇ ವಯಸ್ಸು ಸುಳ್ಳು.

ದುಂಡು ಮೇಜಿಗೆ ಇನ್ನೊಂದು ಪರೀಕ್ಷೆ. ರವಿಕೆ ಅಳತೆಯ ಟೇಪು ತೆಗೆದುಕೊಂಡು ಹಲಗೆಯನ್ನು ಉದ್ದುದ್ದ ಒಮ್ಮೆ, ಅಡ್ಡಡ್ಡ ಒಮ್ಮೆ ಅಳೆಯಿರಿ. ಮರ ಒಣಗುತ್ತಾ ಹೋದಂತೆ ನಾರಿಗೆ ಅಡ್ಡವಾಗಿ ಕುಗ್ಗುತ್ತದೆ, ನಾರಿನ ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ. ಆದ್ದರಿಂದ ನಿಜವಾಗಿ ಹಳೆಯದಾದ ಗಟ್ಟಿಮರದ ದುಂಡು ಮೇಜು ಸ್ವಲ್ಪ ಮೊಟ್ಟೆಯ ಆಕಾರಕ್ಕೆ ತಿರುಗಿರುತ್ತದೆ.

ಮರ ಯಾವುದು ಅಂತ ತಿಳಿಯಲು ಕಾಲಿನ ಒಳಭಾಗದಲ್ಲಿ, ಕಾಣದ ಕಡೆ, ಅಂಗಡಿಯವನನ್ನು ಕೇಳಿಕೊಂಡು ಉಗುರಿನಷ್ಟು ಕೆರೆದು ನೋಡಿ. ಬೀಟೆಯಾದರೆ ಒಳಗೂ ನೇರಳೆ ಮಿಶ್ರಿತ ಕಂದು, ಕಪ್ಪು ಗೆರೆ. ಒಳಗೆ ಬಿಳಿ ಕಂಡರೆ ಮೇಲಿನದು ಬರೀ ಬಣ್ಣ. ತೇಗ ಕೆರೆದರೆ ಎಣ್ಣೆಜಿಡ್ಡು, ಒಂಥರಾ ಚರ್ಮದ ವಾಸನೆ. ಹೊನ್ನೆಯಾದರೆ ಒದ್ದೆ ಬಿಳಿ ಬಟ್ಟೆಗೆ ಹಳದಿ ಹತ್ತುತ್ತದೆ. ತೂಕವೂ ಗುರುತು ಹೇಳುತ್ತದೆ. ಐದಡಿ ಉದ್ದ, ಮೂರಡಿ ಅಗಲ, ಒಂದಂಗುಲ ದಪ್ಪದ ಹಲಗೆ ತೇಗದ್ದಾದರೆ ಸುಮಾರು 23 ಕಿಲೋ, ಬೀಟೆಯದಾದರೆ ಸುಮಾರು 30 ಕಿಲೋ ತೂಗುತ್ತದೆ. ಒಂದು ಕೈಯಲ್ಲಿ ಎತ್ತಿ ತೋರಿಸಿದರೆ ಅದು ಬೀಟೆಯಲ್ಲ ಬಿಡಿ!

ಹುಳು ಹಿಡಿದಿದೆಯೇ ನೋಡಿ. ಗುಂಡುಸೂಜಿ ತಲೆಯಷ್ಟು ತೂತಿದ್ದ ಮಾತ್ರಕ್ಕೆ ಹೆದರಬೇಕಿಲ್ಲ, ಹುಳು ಎಂದೋ ಹೋಗಿರಬಹುದು. ತೂತಿನಿಂದ ಹೊಸ ಹಿಟ್ಟು ಉದುರುತ್ತಿದ್ದರೆ ಹುಳು ಒಳಗೇ ಇದೆ. ಮನೆಗೆ ತಂದ ಮೇಲೂ ಒಂದು ವಾರ ಹೊರಗಿನ ಜಗಲಿಯಲ್ಲೇ ಇಟ್ಟು, ಕೆಳಗೆ ಕಪ್ಪು ಬಟ್ಟೆ ಹಾಸಿ ನೋಡಿ. ಹಿಟ್ಟು ಬಿದ್ದರೆ ಆಚಾರಿಯನ್ನು ಕರೆಸಿ ತೂತುಗಳಿಗೆ ಔಷಧಿ ಹಾಕಿಸಿ, ಮೇಣ ತುಂಬಿಸಿದ ಮೇಲೇ ಒಳಗೆ ತನ್ನಿ. ಕಾಲಿನ ತುದಿಯಲ್ಲಿ ಮಣ್ಣಿನ ಗೆರೆ ಇದ್ದರೆ ಅದು ಗೆದ್ದಲು. ಕೀಲಿಯಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಆ ಮೇಜು ಬೇಡ.

ಇವು ಮಾತ್ರ ಬೇಡವೇ ಬೇಡ

ನಮ್ಮ ಕಡೆಗೇ ಸೇರಿದ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಗಣಿಯ ಪ್ರಯೋಗಶಾಲೆ, ಕಾರ್ಖಾನೆಗಳಲ್ಲಿದ್ದ ಮೇಜು. ಚಿನ್ನ ಬೇರ್ಪಡಿಸಲು ಪಾದರಸ, ಸೈನೈಡ್ ಬಳಸುತ್ತಿದ್ದರು. ಸೈನೈಡ್ ದಿಬ್ಬದ ಧೂಳು ಗಾಳಿಗೆ ಹಾರುವುದನ್ನು ಕೆ.ಜಿ.ಎಫ್.ನವರಿಗೆ ನಾನು ಹೇಳಬೇಕಾಗಿಲ್ಲ. ಕಲೆ ಹಿಡಿದ, ಸುಟ್ಟ ಗುರುತಿರುವ, ಎಲ್ಲಿಂದ ಬಂತು ಅಂತ ತಿಳಿಯದ ಅಂಥ ಮೇಜು ಎಷ್ಟೇ ಗಟ್ಟಿಯಿರಲಿ, ಅದರ ಮೇಲೆ ಚಪಾತಿ ಲಟ್ಟಿಸಬೇಡಿ, ಮಕ್ಕಳಿಗೆ ಊಟ ಬಡಿಸಬೇಡಿ.

ಎರಡನೆಯದು, ಕೆಳಗೆ ಯಾವುದೋ ಕಚೇರಿಯ ನಂಬರು ಬರೆದಿರುವ ಮೇಜು. ಹರಾಜಿನಲ್ಲಿ ಕೊಂಡ ಚೀಟಿ ತೋರಿಸಲು ಕೇಳಿ. ಚೀಟಿ ಇಲ್ಲದಿದ್ದರೆ ಕೈಮುಗಿದು ಮುಂದೆ ಹೋಗಿ. ಕದ್ದ ಮಾಲು ಮನೆಗೆ ತಂದರೆ ನೆಮ್ಮದಿ ಹೋಗುತ್ತದೆ.

ಇದಲ್ಲದೆ ಬಣ್ಣ ಬಳಿದ ಹಳೇ ಮೇಜನ್ನು ಮನೆಯೊಳಗೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿಸಬೇಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಕ್ಕೆ ಸೀಸದ ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಆ ಧೂಳು ಚಿಕ್ಕ ಮಕ್ಕಳಿಗೆ ಬಹಳ ಕೆಟ್ಟದ್ದು.

ದರದ ಮಾತು

ಮೇಜಿನ ಬೆಲೆ, ಆಚಾರಿಯ ಕೂಲಿ, ಪಾಲಿಶ್, ಗಾಡಿ ಬಾಡಿಗೆ, ಈ ನಾಲ್ಕನ್ನೂ ಕೂಡಿಸಿ. ಅದೇ ಅಳತೆಯ ಮೇಜನ್ನು ಹೊಸ ಮರದಲ್ಲಿ ಮಾಡಿಸಿದರೆ ಎಷ್ಟಾಗುತ್ತದೆ ಅಂತ ಆಚಾರಿಯನ್ನು ಕೇಳಿ ಹೋಲಿಸಿ. ಹಳೆಯದು ಅದಕ್ಕಿಂತ ಕಡಿಮೆಗೆ ಬಂದರೆ ಒಳ್ಳೆಯ ವ್ಯಾಪಾರ. ಹೆಚ್ಚಾದರೆ ನೀವು ಕತೆಗೆ ದುಡ್ಡು ಕೊಡುತ್ತಿದ್ದೀರಿ.

ಅಂಗಡಿಯಲ್ಲಿ ಚೌಕಾಸಿ ಮಾಡಿ, ಅದು ನಮ್ಮ ಹಕ್ಕು. ಆದರೆ ಗಣಿಯಲ್ಲಿ ದುಡಿದವರ ಮನೆಯಿಂದ ನೇರವಾಗಿ ಕೊಳ್ಳುವಾಗ ಸ್ವಲ್ಪ ಯೋಚಿಸಿ. ಲೈನ್ ಮನೆಯಲ್ಲಿ ಮೇಜು ಸುಲಭಕ್ಕೆ ಸೇರಿದ್ದಲ್ಲ. ಮಕ್ಕಳು ಓದಲಿ ಅಂತ ಹೊಟ್ಟೆ ಬಟ್ಟೆ ಕಟ್ಟಿ ತಂದಿರುತ್ತಾರೆ. ಮಾರುವವರಿಗೆ ಆತುರ ಇದೆ ಅಂತ ಗೊತ್ತಾದ ಕೂಡಲೇ ಅರ್ಧಕ್ಕರ್ಧ ಕೇಳುವುದು ಹೆಣ್ಣುಮಕ್ಕಳಾದ ನಮಗೆ ಒಪ್ಪುವುದಿಲ್ಲ. ಅಂಗಡಿಯವನು ಎಷ್ಟಕ್ಕೆ ಮಾರುತ್ತಾನೋ ಅದರ ಹತ್ತಿರದ ದರ ಕೊಟ್ಟರೂ ನಿಮಗೆ ನಷ್ಟವಿಲ್ಲ. ಅವರಿಗೂ ಒಂದು ತಿಂಗಳ ದಿನಸಿ ಬಂದೀತು.

ಮನೆಗೆ ಬಂದ ಮೇಲೆ

ಹಳೇ ಮೇಜಿಗೆ ಸಾಮಾನ್ಯವಾಗಿ ಅರಗಿನ ಪಾಲಿಶ್ ಇರುತ್ತದೆ. ಬಿಸಿ ಸಾರಿನ ಪಾತ್ರೆ ಇಟ್ಟರೆ ಬೆಳ್ಳಗೆ ಕಲೆ ಬೀಳುತ್ತದೆ. ನಮ್ಮಜ್ಜಿಯರ ಸಿಂಬೆ ಇದೆಯಲ್ಲ, ಅದನ್ನೇ ಪಾತ್ರೆಯ ಕೆಳಗಿಡಿ. ಅಮೃತಶಿಲೆಯ ಹಲಗೆಯಾದರೆ ಹುಣಸೆಹುಳಿ, ನಿಂಬೆರಸ ಚೆಲ್ಲಿದ ಕೂಡಲೇ ಒರೆಸಿ. ಹುಳಿ ಆ ಕಲ್ಲನ್ನು ತಿನ್ನುತ್ತದೆ. ನಮ್ಮೂರ ಪಾನಿಪುರಿ ತಂದು ಅದರ ಮೇಲೆ ಹರಡಿಕೊಂಡು ಕೂರುವವರಿಗೆ ಇದು ಮುಖ್ಯ! ಮರವನ್ನು ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣಬಟ್ಟೆ ಆಡಿಸಿ. ಆರು ತಿಂಗಳಿಗೊಮ್ಮೆ ತೆಳುವಾಗಿ ಜೇನುಮೇಣ ಸವರಿ ಉಜ್ಜಿದರೆ ಸಾಕು. ಬಿಸಿಲಿಗೆ ಹಾಕಬೇಡಿ, ಕೂಡುಗಳು ಬಿರಿಯುತ್ತವೆ.

ಕೊನೆಯದಾಗಿ, ಗುಜರಿ ಅಂಗಡಿಗೆ ಹೊರಡುವ ಮುನ್ನ ನಿಮ್ಮ ಅಟ್ಟವನ್ನೂ ಹಿತ್ತಲಿನ ಕೊಟ್ಟಿಗೆಯನ್ನೂ ಒಮ್ಮೆ ನೋಡಿ ಬನ್ನಿ. ಮಾವನವರ ಕಾಲದ ಇಳಿಜಾರು ಡೆಸ್ಕು, ಮೂರು ಕಾಲಿನ ಟೀಪಾಯಿ ಸೌದೆಯ ಕೆಳಗೆ ಬಿದ್ದಿರಬಹುದು. ಟೀಪಾಯಿಗೂ ಟೀಗೂ ಸಂಬಂಧವಿಲ್ಲ, ಆ ಹೆಸರು ಹಿಂದಿಯ ಮೂರು ಕಾಲಿನಿಂದ ಬಂದದ್ದು. ಸನ್ಮೈಕ ಹಚ್ಚಿದ ಹೊಸ ಮೇಜಿನ ಆಸೆಗೆ ಅವನ್ನು ತೂಕಕ್ಕೆ ಹಾಕಿಬಿಡಬೇಡಿ. ಆಚಾರಿಗೆ ಒಂದು ದಿನದ ಕೂಲಿ ಕೊಟ್ಟು ಕೂಡು ಬಿಗಿ ಮಾಡಿಸಿ, ಧೂಳು ಒರೆಸಿ ನೋಡಿ. ನೀವು ಊರೆಲ್ಲ ಹುಡುಕುತ್ತಿದ್ದ ಮೇಜು ಮನೆಯಲ್ಲೇ ಸಿಕ್ಕೀತು.