28 ಡಿಗ್ರಿ ದಾಟಿದ ಮೇಲೆ

ಪೋಲರಾಯ್ಡ್ ಫಿಲ್ಮಿಗೆ ಒಗ್ಗುವ ಹವೆ 13ರಿಂದ 28 ಡಿಗ್ರಿ ಸೆಲ್ಸಿಯಸ್ ಎಂದು ತಯಾರಕರೇ ಹೇಳುತ್ತಾರೆ. ಚಳ್ಳಕೆರೆಯಲ್ಲಿ ಶಿವರಾತ್ರಿ ಕಳೆಯಿತೆಂದರೆ ನಡುಹಗಲಿಗೆ ಮುಂಚೆಯೇ ಆ ಗಡಿ ದಾಟಿರುತ್ತದೆ. ಏಪ್ರಿಲ್ ಮಧ್ಯಾಹ್ನ ಪಾದರಸ 40ರ ಸಮೀಪ ಹೋಗುವುದೂ ಉಂಟು. ಮಡಚುವ ಹಳೆಯ ಇನ್‌ಸ್ಟಂಟ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಚಳ್ಳಕೆರೆ, ಮೊಳಕಾಲ್ಮುರು ಸೀಮೆ ಸುತ್ತುವವರು ಬೆಳಕಿಗಿಂತ ಮೊದಲು ಕಾವಿನ ಲೆಕ್ಕ ಹಾಕಬೇಕು. ಬೆಳಕನ್ನು ಕ್ಯಾಮೆರಾ ತಾನೇ ಅಳೆದುಕೊಳ್ಳುತ್ತದೆ. ಕಾವನ್ನು ಅಳೆಯುವ ಏರ್ಪಾಡು ಅದರೊಳಗೆ ಇಲ್ಲ.

ಇಲ್ಲಿ ಹೇಳುತ್ತಿರುವುದು ಎಸ್‌ಎಕ್ಸ್-70 ಎಂಬ ಮಾದರಿಯ ವಿಚಾರ. ಅಮೆರಿಕದ ಎಡ್ವಿನ್ ಲ್ಯಾಂಡ್ ತನ್ನ ಮೊದಲ ತಕ್ಷಣದ ಚಿತ್ರವನ್ನು ವಿಜ್ಞಾನಿಗಳ ಸಭೆಯಲ್ಲಿ ತೋರಿಸಿದ್ದು 1947ರ ಫೆಬ್ರುವರಿಯಲ್ಲಿ. ಅಂದಿನ ಫಿಲ್ಮಿನಲ್ಲಿ ನೆಗೆಟಿವ್ ಹಾಳೆಯನ್ನು ಕೈಯಾರೆ ಸುಲಿದು ತೆಗೆಯಬೇಕಿತ್ತು. ಸುಲಿಯುವ ಕೆಲಸವೇ ಇಲ್ಲದ, ಗುಂಡಿ ಒತ್ತಿದೊಡನೆ ಚಿತ್ರವನ್ನು ತಾನೇ ಹೊರದೂಡುವ ಎಸ್‌ಎಕ್ಸ್-70 ಬಂದದ್ದು 1972ರಲ್ಲಿ. ಮಡಚಿದರೆ ಅಂಗುಲದಷ್ಟೇ ದಪ್ಪ, ಕೋಟಿನ ಜೇಬಿಗೆ ಇಳಿಯುತ್ತದೆ. ಹೊರಮೈ ಉಕ್ಕಿನಂತೆ ಹೊಳೆದರೂ ಅದು ಲೋಹದ ಲೇಪ ಕೊಟ್ಟ ಪ್ಲಾಸ್ಟಿಕ್. ಮೇಲೆ ತೊಗಲಿನ ಹೊದಿಕೆ. ಪರದೇಶದಲ್ಲಿದ್ದ ನೆಂಟರು ಯಾವತ್ತೋ ತಂದುಕೊಟ್ಟದ್ದು ನಮ್ಮ ಕಡೆಯ ಕೆಲವು ಬೀರುಗಳಲ್ಲಿ ಇನ್ನೂ ಮಲಗಿರಬಹುದು.

ಕಾವಿಗೆ ಇಷ್ಟು ಮಹತ್ವ ಏಕೆ? ಈ ಫಿಲ್ಮಿನಲ್ಲಿ ಚಿತ್ರವನ್ನು ಬರೆಯುವುದು ಬೆಳಕೊಂದೇ ಅಲ್ಲ. ಚಿತ್ರದ ಕೆಳಗಿನ ಅಗಲವಾದ ಬಿಳಿ ಅಂಚಿನೊಳಗೆ ತೆಳ್ಳನೆಯ ಪೊಟ್ಟಣವಿದೆ. ಅದರೊಳಗೆ ಪ್ರಬಲ ಕ್ಷಾರದ ಮಂದ ದ್ರವ. ಚಿತ್ರ ಹೊರಬರುವಾಗ ಎರಡು ಉಕ್ಕಿನ ರೋಲರ್‌ಗಳ ನಡುವೆ ಸಿಕ್ಕಿ ಪೊಟ್ಟಣ ಒಡೆಯುತ್ತದೆ, ದ್ರವ ಹಾಳೆಯುದ್ದಕ್ಕೂ ಹರಡುತ್ತದೆ. ಫಿಲ್ಮಿನಲ್ಲಿ ನೀಲಿ, ಹಸಿರು, ಕೆಂಪು ಬೆಳಕನ್ನು ಹಿಡಿಯುವ ಮೂರು ಪದರಗಳಿದ್ದು, ಒಂದೊಂದರ ಕೆಳಗೂ ಒಂದೊಂದು ಬಣ್ಣ ಕಾದು ಕುಳಿತಿರುತ್ತದೆ: ಹಳದಿ, ಮೆಜೆಂಟಾ, ಸಯಾನ್. ಬೆಳಕು ಬಿದ್ದ ಕಡೆ ಆ ಪದರದ ಬಣ್ಣ ಅಲ್ಲಿಯೇ ಸಿಕ್ಕಿಬೀಳುತ್ತದೆ. ಬೆಳಕು ಬೀಳದ ಕಡೆ ಬಣ್ಣಕ್ಕೆ ಬಿಡುಗಡೆ; ಅದು ದ್ರವದಲ್ಲಿ ಈಜಿ ಮೇಲಿನ ಪದರ ಸೇರುತ್ತದೆ. ನಾವು ನೋಡುವ ಚಿತ್ರ ಹೀಗೆ ಮೇಲೇರಿ ಬಂದ ಬಣ್ಣಗಳದ್ದು. ಕೊನೆಯಲ್ಲಿ ಆಮ್ಲದ ಪದರವೊಂದು ಕ್ಷಾರವನ್ನು ತಣಿಸಿ ಎಲ್ಲವನ್ನೂ ನಿಲ್ಲಿಸುತ್ತದೆ. ಬೆಳಕು ಒಳನುಗ್ಗದಂತೆ ಅಷ್ಟು ಹೊತ್ತೂ ತಡೆಯುವುದು ದ್ರವದಲ್ಲಿರುವ ಇನ್ನೊಂದು ಬಣ್ಣ. ಕ್ಷಾರ ಇರುವ ತನಕ ಅದು ಗಾಢವಾಗಿರುತ್ತದೆ, ಇಳಿದ ಕೂಡಲೇ ತಿಳಿಯಾಗುತ್ತದೆ. ಇಷ್ಟನ್ನು ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ಪದರಗಳಲ್ಲಿ ಜೋಡಿಸಿದ ಬುದ್ಧಿಗೆ ಇವತ್ತಿಗೂ ಬೆರಗಾಗಬೇಕು.

ರಾಸಾಯನಿಕ ಕ್ರಿಯೆಗಳೂ ಬಣ್ಣಗಳ ಈಜಾಟವೂ ಕಾವು ಏರಿದಂತೆ ಚುರುಕಾಗುತ್ತವೆ, ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಅಲ್ಲ. ತೊಡಕು ಇರುವುದು ಅಲ್ಲಿ. ಮೂರು ಬಣ್ಣಗಳ ಓಟವನ್ನು 20 ಡಿಗ್ರಿಯ ಆಸುಪಾಸಿಗೆ ಹದ ಮಾಡಿ ಇಟ್ಟಿರುತ್ತಾರೆ. 35 ದಾಟಿದರೆ ತಾಳ ತಪ್ಪಿ, ಚಿತ್ರಕ್ಕೆ ಹಳದಿ ಅಥವಾ ಕೆಂಪು ಛಾಯೆ ಅಡರುತ್ತದೆ. ತೀರಾ ಚಳಿಯಾದರೆ ಇದರ ಉಲ್ಟಾ: ನೀಲಿ ಬಡಿದ, ಸಪ್ಪೆ ಚಿತ್ರ. ಆ ಚಿಂತೆ ನಮ್ಮ ಸೀಮೆಗಿಲ್ಲ.

ಮನೆಯಲ್ಲಿ ಫಿಲ್ಮನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಫ್ರೀಜರಿನಲ್ಲಿ ಬೇಡ, ದ್ರವ ಹೆಪ್ಪುಗಟ್ಟಿದರೆ ಕೆಟ್ಟಿತು. ಬಳಸುವ ಮೊದಲು ಹೊರಗಿಟ್ಟು, ತಂಪು ಇಳಿಯುವವರೆಗೆ ಲಕೋಟೆ ಒಡೆಯಬೇಡಿ. ಒಡೆದರೆ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಹೊರಗೆ ಒಯ್ಯುವಾಗ ಏನು ಮಾಡುವುದು? ಇಲ್ಲಿ ಬಯಲುಸೀಮೆಯ ಒಣ ಗಾಳಿಯೇ ನೆರವಿಗೆ ಬರುತ್ತದೆ. ನೀರು ಆರುವಾಗ ಕಾವನ್ನು ಹೀರುತ್ತದೆ, ಗಾಳಿ ಒಣಗಿದಷ್ಟೂ ಬೇಗ ಆರುತ್ತದೆ. ಹವೆ 38 ಡಿಗ್ರಿ, ಗಾಳಿಯ ತೇವ ಶೇ 25 ಇದ್ದಾಗ ಒದ್ದೆ ಮೈ ಹೆಚ್ಚೆಂದರೆ 23 ಡಿಗ್ರಿಯವರೆಗೂ ತಣಿಯಬಲ್ಲದು. ಕರಾವಳಿಯಲ್ಲಿ 33 ಡಿಗ್ರಿ, ತೇವ ಶೇ 70 ಇರುವ ದಿನ ಅದೇ ಒದ್ದೆ ಮೈ 28ಕ್ಕಿಂತ ಕೆಳಗೆ ಇಳಿಯದು. ಕಾವು ಕಡಿಮೆ ಇದ್ದರೂ ಕರಾವಳಿಯಲ್ಲಿ ಮಡಕೆ ನೀರು ಅಷ್ಟು ತಂಪಾಗದಿರುವುದು ಇದರಿಂದಲೇ. ಹಾಗಾಗಿ ಲಕೋಟೆ ಒಡೆಯದ ಫಿಲ್ಮನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ಖಾಲಿ ಮಡಕೆಯೊಳಗಿಟ್ಟು, ಮಡಕೆಗೆ ಒದ್ದೆ ಗೋಣಿ ಸುತ್ತಿ, ಗಾಳಿಯಾಡುವ ನೆರಳಿನಲ್ಲಿ ಇಟ್ಟರೆ ಸಾಕು. ಆ ಕಡೆಯ ಮಿತಿ ಮುಟ್ಟದಿದ್ದರೂ 27ರ ಸುಮಾರಿಗೆ ಬಂದರೆ ನಮ್ಮ ಕೆಲಸವಾಯಿತು.

ತೆಗೆದ ಚಿತ್ರಕ್ಕೂ ಇದೇ ಉಪಚಾರ ಬೇಕು. ಈಗಿನ ಬಣ್ಣದ ಫಿಲ್ಮ್ ಮೂಡಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಹೊರಬಂದ ಕೂಡಲೇ ಬಿಸಿಲಿಗೆ ಹಿಡಿಯದೆ, ಮುಖ ಕೆಳಗಾಗಿ ನೆರಳಿನಲ್ಲಿಡಿ. ಚಳ್ಳಕೆರೆಯ ಕಂಬಳಿಯ ಮಡಿಕೆಯೊಳಗೆ ಇಟ್ಟರೆ ಕತ್ತಲೆಯೂ ಆಯಿತು, ಹೊರಗಿನ ಕಾವಿಗೆ ತಡೆಯೂ ಆಯಿತು. ಉಣ್ಣೆಯ ಎಳೆ ಮಾತ್ರ ಕ್ಯಾಮೆರಾದ ಹತ್ತಿರ ಸುಳಿಯಬಾರದು. ಚಿತ್ರವನ್ನು ಗಾಳಿಯಲ್ಲಿ ಅಲ್ಲಾಡಿಸುವ ಸಿನಿಮಾ ಅಭ್ಯಾಸವನ್ನೂ ಬಿಡಿ. ಮೊಹರು ಮಾಡಿದ ಹಾಳೆಯೊಳಗೆ ಆರಿಸಲು ಏನೂ ಇಲ್ಲ, ಪದರಗಳು ಬಿಟ್ಟುಕೊಳ್ಳುವ ಅಪಾಯವೇ ಹೆಚ್ಚು.

ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ಈ ಊರುಗಳ ನೆತ್ತಿಯ ಮೇಲೇ ಹಾದುಹೋಗುತ್ತಾನೆ. ಆಗ ತೆಗೆದ ಮುಖಗಳಲ್ಲಿ ಕಣ್ಣು ಕಪ್ಪು ಗುಳಿ. ಬೆಳಗ್ಗೆ ಎಂಟರೊಳಗೆ ಕೆಲಸ ಮುಗಿಸುವುದು ಕಾವಿಗೂ ಒಳ್ಳೆಯದು, ಬೆಳಕಿಗೂ.

ಆ ತಂಪು ಹೊತ್ತಿನಲ್ಲಿ ಹೋಗಬೇಕಾದ ಜಾಗ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿ, ಹತ್ತಿರದ ಸಿದ್ದಾಪುರದಲ್ಲಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಶಾಸನ ಇರುವುದು ಬ್ರಾಹ್ಮಿ ಲಿಪಿಯಲ್ಲಿ, ಎಡದಿಂದ ಬಲಕ್ಕೆ. ಆದರೆ ಅದನ್ನು ಬರೆದ ಚಪಡ ಕೊನೆಗೆ ತಾನು ಲಿಪಿಕಾರ ಎಂಬುದನ್ನು ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಒಂದೇ ಬಂಡೆಯಲ್ಲಿ ಎರಡು ದಿಕ್ಕಿನ ಬರಹ! ಎಡ ಬಲ ಅದಲುಬದಲಾದ ಚಿತ್ರ ಇಲ್ಲಿ ಯಾವ ಕೆಲಸಕ್ಕೂ ಬಾರದು.

ಎಸ್‌ಎಕ್ಸ್-70 ಬಗೆಯ ಫಿಲ್ಮಿನ ಹುಟ್ಟುದೋಷ ಸರಿಯಾಗಿ ಇದೇ. ಸಾಮಾನ್ಯ ನೆಗೆಟಿವನ್ನು ಪ್ರಿಂಟ್ ಹಾಕುವಾಗ ಮಗುಚಿಕೊಳ್ಳಬಹುದು. ಇದರಲ್ಲಿ ಬೆಳಕು ಬಿದ್ದ ಮಗ್ಗುಲಿನಿಂದಲೇ ನಾವು ಚಿತ್ರವನ್ನು ನೋಡುತ್ತೇವೆ. ಲೆನ್ಸಿನಿಂದ ನೇರವಾಗಿ ಬಿದ್ದ ಬಿಂಬ ಆ ಮಗ್ಗುಲಿನಿಂದ ಎಡ ಬಲ ತಿರುಗಿಯೇ ಕಾಣುತ್ತದೆ. ಎಸ್‌ಎಕ್ಸ್-70 ಬೆಳಕಿನ ದಾರಿಯಲ್ಲಿ ಒಂದು ಕನ್ನಡಿ ಇಟ್ಟು ಇದನ್ನು ಸರಿಪಡಿಸಿತು. ಗುಂಡಿ ಒತ್ತಿದಾಗ ತಳದಲ್ಲಿ ಮಲಗಿದ್ದ ಹಲಗೆಯೊಂದು ಮೇಲಕ್ಕೆ ಚಿಮ್ಮುತ್ತದೆ. ಅದರ ಅಡಿಯ ಕನ್ನಡಿ ಬೆಳಕನ್ನು ಕೆಳಗಿನ ಫಿಲ್ಮಿಗೆ ತಿರುಗಿಸುತ್ತದೆ. ಕನ್ನಡಿ ಒಂದೇ ಬಾರಿ ತಿರುಗಿಸುವುದರಿಂದ ಬ್ರಾಹ್ಮಿ ಬ್ರಾಹ್ಮಿಯಾಗಿಯೇ, ಖರೋಷ್ಠಿ ಖರೋಷ್ಠಿಯಾಗಿಯೇ ಉಳಿಯುತ್ತದೆ. ಓರೆ ಕನ್ನಡಿಯಿಂದಾಗಿ ಲೆನ್ಸಿಗೂ ಫಿಲ್ಮಿಗೂ ನಡುವಿನ ದೂರ ಮಡಿಚಿಕೊಂಡದ್ದು, ಹಾಗಾಗಿ ಕ್ಯಾಮೆರಾವೇ ಚಪ್ಪಟೆಯಾಗಿ ಮಡಚಿಕೊಂಡದ್ದು ಅದರ ಇನ್ನೊಂದು ಲಾಭ. ಶಾಸನದ ಪಡಿಯಚ್ಚು ತೆಗೆಯುವವರೂ ಇದೇ ತೊಡಕನ್ನು ತಮ್ಮ ರೀತಿ ದಾಟಿದ್ದಾರೆ: ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಕೂರಿಸಿ, ಶಾಯಿಯನ್ನು ಹೊರಮೈಗೆ ಒತ್ತುತ್ತಾರೆ. ಅಕ್ಷರ ತಿರುಗುವುದಿಲ್ಲ.

ಮೊಳಕಾಲ್ಮುರಿನ ಮಗ್ಗದ ಮನೆಗಳಲ್ಲಿ ಸಮಸ್ಯೆ ಬೇರೆ. ಕೋಣೆ ತಂಪು, ಬೆಳಕು ಕಡಿಮೆ. ಎಸ್‌ಎಕ್ಸ್-70 ಫಿಲ್ಮಿನ ವೇಗ ಸುಮಾರು 160 ಐಎಸ್‌ಒ, ಲೆನ್ಸಿನ ಗರಿಷ್ಠ ತೆರವು ಎಫ್/8. ಮಂಕು ಕೋಣೆಯಲ್ಲಿ ಶಟರ್ ಒಂದು ಸೆಕೆಂಡಾದರೂ ತೆರೆದೇ ಇರುತ್ತದೆ, ಲಾಳಿ ಅಷ್ಟರಲ್ಲಿ ಓಡಿಹೋಗಿರುತ್ತದೆ. ನೇಕಾರರ ಚಿತ್ರ ಕಲಸಿಹೋಗುವುದು ಖಚಿತ. ಮಗ್ಗ ನಿಂತಾಗ ಸೀರೆಯ ಅಂಚನ್ನು ತೆಗೆಯಿರಿ. ಈ ಲೆನ್ಸ್ 26 ಸೆಂಟಿಮೀಟರಿನಷ್ಟು ಹತ್ತಿರಕ್ಕೆ ಹೋಗಬಲ್ಲದು, ಜರಿಯ ಒಂದೊಂದು ಬುಟ್ಟಾ ಚೌಕದ ತುಂಬ ಕೂರುತ್ತದೆ. ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಊರಿ ಹಿಡಿಯಿರಿ. ಜಾಸ್ತಿ ವೇಗದ 600 ಫಿಲ್ಮ್ ಹಾಕುವ ಆಸೆಯಾದರೆ, ಅದು ನಾಲ್ಕು ಪಟ್ಟು ಸೂಕ್ಷ್ಮ ಎಂಬುದು ನೆನಪಿರಲಿ. ಬೆಳಕು ತಗ್ಗಿಸುವ ಫಿಲ್ಟರ್ ಇಲ್ಲದಿದ್ದರೆ ಚಿತ್ರ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಐ-ಟೈಪ್ ಎಂಬ ಅಗ್ಗದ ಫಿಲ್ಮ್ ಇದಕ್ಕೆ ಆಗಿಬರುವುದೇ ಇಲ್ಲ. ಎಸ್‌ಎಕ್ಸ್-70ಗೆ ಸ್ವಂತ ಬ್ಯಾಟರಿ ಇಲ್ಲ, ಫಿಲ್ಮ್ ಪ್ಯಾಕಿನ ತಳದಲ್ಲಿರುವ 6 ವೋಲ್ಟಿನ ಚಪ್ಪಟೆ ಬ್ಯಾಟರಿಯೇ ಅದರ ಉಸಿರು. ಐ-ಟೈಪ್‌ನಲ್ಲಿ ಅದನ್ನು ಇಟ್ಟಿರುವುದಿಲ್ಲ.

ಆರೈಕೆಯಲ್ಲಿ ನೂರು ಮಾತಿಲ್ಲ, ಶತ್ರು ಒಂದೇ: ಧೂಳು. ಮಲೆನಾಡಿನಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಇಲ್ಲಿ ಆಷಾಢದ ಗಾಳಿ ಮಣ್ಣು ತೂರುತ್ತದೆ. ರೋಲರಿಗೆ ಒಂದು ಕಣ ಅಂಟಿದರೂ ದ್ರವ ಸರಿಯಾಗಿ ಹರಡದೆ, ಪ್ರತಿ ಚಿತ್ರದಲ್ಲೂ ಅದೇ ಅಂತರಕ್ಕೆ ಕಲೆ ಕಾಣಿಸಿಕೊಳ್ಳುತ್ತದೆ. ಪ್ಯಾಕ್ ಬದಲಿಸುವಾಗಲೆಲ್ಲ ಮುಂದಿನ ಬಾಗಿಲು ತೆರೆದು, ಹಿಂಡಿದ ಒದ್ದೆ ಬಟ್ಟೆಯಿಂದ ರೋಲರನ್ನು ಬೆರಳಲ್ಲಿ ಉರುಳಿಸುತ್ತ ಒರೆಸಿ, ಒಣಗಿಸಿ. ಒಣಗಿ ಕಟ್ಟಿದ ಹಳೆಯ ದ್ರವವೂ ಕ್ಷಾರವೇ, ಕೈ ತೊಳೆದುಕೊಳ್ಳಿ; ಮಕ್ಕಳು ಚಿತ್ರವನ್ನು ಕತ್ತರಿಸಲು ಬಿಡಬೇಡಿ. ಒಳಗಿನ ಗೆರೆಗೆರೆಯ ಹಲಗೆಯನ್ನು ಬಟ್ಟೆಯಿಂದ ಉಜ್ಜಬಾರದು, ರಬ್ಬರ್ ಬುರುಡೆಯಿಂದ ಗಾಳಿ ಊದಿದರೆ ಸಾಕು. ಮಡಚುವಾಗ ಪಕ್ಕದ ಆಸರೆ ಕಡ್ಡಿಯನ್ನು ಮೊದಲು ಸರಿಸಬೇಕು. ಅದನ್ನು ಬಿಟ್ಟು ಮೇಲಿಂದ ಅದುಮಿದವರು ಕಡ್ಡಿ ಮುರಿದುಕೊಳ್ಳುತ್ತಾರೆ.

ಹಳೆಯ ಪ್ಯಾಕಿನಲ್ಲಿ 10 ಚಿತ್ರಗಳಿದ್ದವು. ಪೋಲರಾಯ್ಡ್ 2008ರಲ್ಲಿ ಫಿಲ್ಮ್ ನಿಲ್ಲಿಸಿದಾಗ ನೆದರ್ಲೆಂಡ್ಸಿನ ಎನ್‌ಸ್ಕೆಡೆಯ ಕೊನೆಯ ಕಾರ್ಖಾನೆಯನ್ನು ಉಳಿಸಿಕೊಂಡವರು 2010ರಿಂದ ಹೊಸದಾಗಿ ತಯಾರಿಸಿದ ಪ್ಯಾಕಿನಲ್ಲಿ ಇರುವುದು 8. ಕ್ಯಾಮೆರಾದ ಎಣಿಕೆ ಮಾತ್ರ ಇನ್ನೂ 10ರಿಂದಲೇ ಶುರುವಾಗಿ 2ಕ್ಕೆ ಬಂದಾಗ ಫಿಲ್ಮ್ ಮುಗಿದಿರುತ್ತದೆ. ಒಂದೊಂದು ಚಿತ್ರಕ್ಕೂ ನೂರಾರು ರೂಪಾಯಿ ಬೀಳುವಾಗ ಉಳಿದದ್ದು ಎರಡಲ್ಲ, ಸೊನ್ನೆ ಎಂಬುದು ಗೊತ್ತಿರಬೇಕು. ಖಾಲಿ ಪ್ಯಾಕನ್ನೂ ಎಸೆಯಬೇಡಿ. ಬ್ಯಾಟರಿಯಲ್ಲಿ ಇನ್ನೂ ಸಾಕಷ್ಟು ಕಸುವು ಉಳಿದಿರುತ್ತದೆ. ಬೀರುವಿನಿಂದ ಹೊಸದಾಗಿ ಹೊರಬಂದ ಕ್ಯಾಮೆರಾದ ಮೋಟಾರು, ಶಟರು ಸರಿಯಿದೆಯೇ ಎಂದು ದುಬಾರಿ ಫಿಲ್ಮ್ ಹಾಕುವ ಮುನ್ನ ನೋಡಿಕೊಳ್ಳಲು ಅದಕ್ಕಿಂತ ಸುಲಭದ ದಾರಿ ಇಲ್ಲ.